ಕಾಣದ ಬೆಳಕಿನ ಕಂದಾಯ

ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ನಡೆಯುವ ಕೋಣೆಯಲ್ಲಿ ವೈದ್ಯರೂ ದಾದಿಯರೂ ತಂತ್ರಜ್ಞರೂ ತಮ್ಮ ನಿಲುವಂಗಿಯ ಒಳಗೆ ಇನ್ನೊಂದು ಉಡುಪನ್ನು ಧರಿಸಿರುತ್ತಾರೆ. ಅದು ಸೀಸ ಬೆರೆತ ಕವಚ. ಎದೆಯಿಂದ ಮೊಣಕಾಲಿನವರೆಗೆ ಇಳಿಬಿದ್ದಿರುತ್ತದೆ. ಕೊರಳಿನ ಸುತ್ತಲೂ ಅಂಥದೇ ಒಂದು ಪಟ್ಟಿ. ಹಲವು ಕಿಲೋಗ್ರಾಂ ತೂಗುವ ಈ ಕವಚವನ್ನು ಹೊತ್ತು ಅವರು ಗಂಟೆಗಟ್ಟಲೆ ನಿಂತಿರುತ್ತಾರೆ. ಇನ್ನೊಬ್ಬರ ಬೆನ್ನನ್ನು ಸರಿಪಡಿಸುವವರು ತಮ್ಮ ಬೆನ್ನಿಗೆ ಇಂಥ ಭಾರವನ್ನು ಕಟ್ಟಿಕೊಳ್ಳಬೇಕಾಗಿ ಬಂದದ್ದು ಒಂದು ವಿಪರ್ಯಾಸವೇ ಸರಿ. ಈ ಕವಚವು ಕತ್ತಿಯನ್ನಾಗಲಿ ಬೆಂಕಿಯನ್ನಾಗಲಿ ತಡೆಯುವುದಕ್ಕಾಗಿ ಅಲ್ಲ. ಒಂದು ಬಗೆಯ ಬೆಳಕನ್ನು ತಡೆಯುವುದಕ್ಕಾಗಿ. ಕಣ್ಣಿಗೆ ಕಾಣದ, ಮೈಗೆ ತಾಕಿದರೂ ತಿಳಿಯದ ಬೆಳಕು ಅದು. ನಮಗೆ ದೇಹದ ಒಳಗನ್ನು ತೋರಿಸಿಕೊಟ್ಟ ಆ ಬೆಳಕು ಅದಕ್ಕಾಗಿ ಒಂದು ಕಂದಾಯವನ್ನು ಎತ್ತುತ್ತದೆ. ಆ ಕಂದಾಯವನ್ನು ಯಾರು ಯಾರು ತೆತ್ತರು, ಅದನ್ನು ಇಳಿಸುವ ಬಗೆ ಹೇಗೆ ತಿಳಿಯಿತು ಎಂಬುದೇ ಇಂದು ನಾನು ಹೇಳಬೇಕೆಂದಿರುವ ಇತಿಹಾಸ.

1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ನಗರದ ತನ್ನ ಪ್ರಯೋಗಶಾಲೆಯಲ್ಲಿ ವಿಲ್‌ಹೆಲ್ಮ್ ರಾಂಟ್‌ಜೆನ್ ಈ ಕಿರಣಗಳನ್ನು ಕಂಡನು. ಕಪ್ಪು ಕಾಗದದಿಂದ ಮುಚ್ಚಿದ್ದ ಕೊಳವೆಯಿಂದ ಹೊರಟ ಯಾವುದೋ ಒಂದು ಶಕ್ತಿ ದೂರದಲ್ಲಿದ್ದ ರಾಸಾಯನಿಕ ಲೇಪನದ ತೆರೆಯನ್ನು ಮಿನುಗಿಸಿತು. ಆ ಡಿಸೆಂಬರ್ 22ರಂದು ಅವನು ತನ್ನ ಹೆಂಡತಿ ಬರ್ಟಾಳ ಕೈಯ ಮೂಳೆಗಳನ್ನೂ ಬೆರಳಿನ ಉಂಗುರವನ್ನೂ ಚಿತ್ರಫಲಕದ ಮೇಲೆ ಮೂಡಿಸಿದನು. ಆ ಚಿತ್ರ ಕೆಲವೇ ವಾರಗಳಲ್ಲಿ ಲೋಕವನ್ನು ಸುತ್ತಿತು. ರಾಂಟ್‌ಜೆನ್ ತನ್ನ ಶೋಧಕ್ಕೆ ಹಕ್ಕುಪತ್ರವನ್ನು ಪಡೆಯಲಿಲ್ಲ; ಅದು ಎಲ್ಲರಿಗೂ ಸೇರಿದ್ದೆಂದು ಬಗೆದನು. ಹೀಗಾಗಿ 1896ರ ಆರಂಭದಿಂದಲೇ ವೈದ್ಯರು, ಛಾಯಾಗ್ರಾಹಕರು, ಜಾತ್ರೆಯಲ್ಲಿ ಪ್ರದರ್ಶನ ನಡೆಸುವವರು ಎಲ್ಲರೂ ಕೊಳವೆಗಳನ್ನು ಹಿಡಿದು ಹೊರಟರು. ಬೆಲೆ ಕೇಳದ ವಸ್ತುವೆಂದರೆ ಬೆಲೆಯಿಲ್ಲದ ವಸ್ತುವೆಂದೇ ಜನ ಭಾವಿಸಿದರು.

ಮೊದಲ ಕಂದಾಯವನ್ನು ತೆತ್ತವನು ರಾಂಟ್‌ಜೆನ್ ಅಲ್ಲ. ಅವನಿಂದ ಬಹುದೂರದಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಥಾಮಸ್ ಎಡಿಸನ್ನನ ಕಾರ್ಯಾಗಾರದಲ್ಲಿ ಗಾಜು ಊದುವ ಕೆಲಸಗಾರನೊಬ್ಬನಿದ್ದ. ಅವನ ಹೆಸರು ಕ್ಲಾರೆನ್ಸ್ ಡ್ಯಾಲಿ. ಎಡಿಸನ್ 1896ರಲ್ಲಿ, ಚಿತ್ರಫಲಕವೇ ಇಲ್ಲದೆ, ಮಿನುಗುವ ತೆರೆಯ ಮೇಲೆ ನೇರವಾಗಿ ದೇಹದ ಒಳಗನ್ನು ನೋಡುವ ಉಪಕರಣವನ್ನು ರೂಪಿಸಿದನು. ಕೊಳವೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವ ಹೊಣೆ ಡ್ಯಾಲಿಯದು. ಪರೀಕ್ಷೆಯ ವಿಧಾನವೆಂದರೆ ತನ್ನದೇ ಕೈಯನ್ನು ಕಿರಣಕ್ಕೆ ಒಡ್ಡುವುದು. ಎಡಗೈ ಕೆಂಪಾಗಿ ಬೆಂದಾಗ ಅವನು ಬಲಗೈಯನ್ನು ಒಡ್ಡಿದನು. ವ್ರಣ ವಾಸಿಯಾಗಲಿಲ್ಲ, ಕ್ಯಾನ್ಸರ್ ಹಬ್ಬಿತು, ಎರಡು ತೋಳುಗಳನ್ನೂ ಕತ್ತರಿಸಬೇಕಾಯಿತು. 1904ರಲ್ಲಿ, 39ನೆಯ ವಯಸ್ಸಿನಲ್ಲಿ ಡ್ಯಾಲಿ ತೀರಿಕೊಂಡನು. ಎಡಿಸನ್ ಅದಕ್ಕೆ ಮೊದಲೇ ಹೆದರಿ ಆ ಕಿರಣಗಳ ಕೆಲಸವನ್ನು ಕೈಬಿಟ್ಟಿದ್ದನು. ಯಜಮಾನನ ಹೆಸರು ಎಲ್ಲ ಪಾಠಪುಸ್ತಕಗಳಲ್ಲಿದೆ. ಕೈ ಕೊಟ್ಟವನ ಹೆಸರನ್ನು ಹುಡುಕಿ ಓದಬೇಕು. ಈ ಸಂಗತಿಯನ್ನು ಶ್ರೋತೃಗಳು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಬರುವ ಕಥೆಯಲ್ಲಿ ಇದು ಬೇರೆ ಬೇರೆ ವೇಷದಲ್ಲಿ ಮರಳಿ ಬರುತ್ತದೆ.

ಅಪಾಯವಿದೆಯೆಂದು ಆ ದಿನಗಳಲ್ಲಿ ಯಾರೂ ಹೇಳಿರಲಿಲ್ಲವೆಂದು ತಿಳಿಯಬಾರದು. ಬಾಸ್ಟನ್ ನಗರದಲ್ಲಿ ವಿಲಿಯಂ ರಾಲಿನ್ಸ್ ಎಂಬ ದಂತವೈದ್ಯನಿದ್ದನು. ಕಿರಣದಿಂದ ಅವನ ಕೈಯೂ ಒಮ್ಮೆ ಸುಟ್ಟಿತ್ತು. ಕೈ ಸುಡುವುದು ಕಿರಣದಿಂದಲ್ಲ, ಕೊಳವೆಯ ಸುತ್ತಣ ವಿದ್ಯುತ್ತಿನಿಂದ ಎಂದು ಹಲವರು ವಾದಿಸುತ್ತಿದ್ದ ಕಾಲ ಅದು. ರಾಲಿನ್ಸ್ 1901ರಲ್ಲಿ, ವಿದ್ಯುತ್ತು ತಾಕದಂತೆ ಏರ್ಪಡಿಸಿದ ಪೆಟ್ಟಿಗೆಯೊಳಗೆ ಗಿನಿಯಿಲಿಗಳನ್ನು ಇಟ್ಟು ಅವುಗಳ ಮೇಲೆ ಬರಿಯ ಕಿರಣವನ್ನಷ್ಟೇ ಹಾಯಿಸಿದನು. ಗಿನಿಯಿಲಿಗಳು ಸತ್ತವು. ಅದರಿಂದ ಅವನು ಮೂರು ಸೂಚನೆಗಳನ್ನು ಮುಂದಿಟ್ಟನು: ನೋಡುವವನು ಕಿರಣವನ್ನು ತಡೆಯುವ ಕನ್ನಡಕವನ್ನು ಧರಿಸಬೇಕು, ಕೊಳವೆಯನ್ನು ಸೀಸದ ಗೂಡಿನಲ್ಲಿ ಮುಚ್ಚಬೇಕು, ರೋಗಿಯ ದೇಹದಲ್ಲಿ ನೋಡಬೇಕಾದ ಭಾಗಕ್ಕೆ ಮಾತ್ರ ಕಿರಣವನ್ನು ಬಿಟ್ಟು ಉಳಿದ ಭಾಗವನ್ನು ಮರೆಮಾಡಬೇಕು. ಇಂದಿನ ಯಾವ ಆಸ್ಪತ್ರೆಯಲ್ಲಿ ಕೇಳಿದರೂ ಇವೇ ಮೂರು ಮಾತುಗಳನ್ನು ಹೇಳುತ್ತಾರೆ. ಆದರೆ ಅಂದು ಅವನ ಮಾತಿಗೆ ಕಿವಿಗೊಟ್ಟವರು ವಿರಳ. ಹೊಸ ಬೆಳಕಿನ ಬೆರಗಿನಲ್ಲಿದ್ದ ಲೋಕಕ್ಕೆ ಹಲ್ಲಿನ ವೈದ್ಯನೊಬ್ಬನ ಎಚ್ಚರಿಕೆ ಅಪಸ್ವರವಾಗಿ ಕೇಳಿಸಿತೋ ಏನೋ.

ಜರ್ಮನಿಯ ಹ್ಯಾಂಬರ್ಗ್ ನಗರದ ಹೈನ್‌ರಿಷ್ ಆಲ್ಬರ್ಸ್-ಶೋನ್‌ಬರ್ಗ್ ಈ ವಿದ್ಯೆಯ ಮೊದಲ ಆಚಾರ್ಯರಲ್ಲಿ ಒಬ್ಬನು. ಕಿರಣಗಳು ಪ್ರಾಣಿಗಳ ಸಂತಾನಶಕ್ತಿಯನ್ನು ನಾಶಮಾಡಬಲ್ಲವೆಂದು 1903ರಲ್ಲಿ ತೋರಿಸಿಕೊಟ್ಟವನು ಅವನೇ. ಹೀಗೆ ಅಪಾಯವನ್ನು ಕಣ್ಣಾರೆ ಕಂಡಿದ್ದ ಅವನು ಕೂಡ ಅದರಿಂದ ಪಾರಾಗಲಿಲ್ಲ. ತೋಳನ್ನು ಕಳೆದುಕೊಂಡು 1921ರಲ್ಲಿ ತೀರಿಕೊಂಡನು. ಅವನು ದುಡಿದ ಹ್ಯಾಂಬರ್ಗಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ 1936ರಲ್ಲಿ ಒಂದು ಸ್ಮಾರಕಶಿಲೆಯನ್ನು ನಿಲ್ಲಿಸಿದರು. ಈ ಕಿರಣಗಳ ಕೆಲಸದಲ್ಲಿ ಜೀವ ತೆತ್ತ ಹಲವು ದೇಶಗಳ 150ಕ್ಕೂ ಹೆಚ್ಚು ಮಂದಿ ವೈದ್ಯರು, ದಾದಿಯರು, ಭೌತವಿಜ್ಞಾನಿಗಳು, ಸಹಾಯಕರು ಇವರ ಹೆಸರುಗಳನ್ನು ಅದರ ಮೇಲೆ ಕೊರೆಯಲಾಯಿತು. ಮುಂದಿನ ದಶಕಗಳಲ್ಲಿ ಆ ಪಟ್ಟಿ 350ನ್ನು ದಾಟಿತು.

ಇವರನ್ನು ಹುತಾತ್ಮರೆಂದು ಕರೆಯುವುದು ವಾಡಿಕೆ. ಆ ಶಬ್ದಕ್ಕೆ ನಾನು ತಲೆಬಾಗುತ್ತೇನೆ. ಆದರೂ ಅದರ ಬಗ್ಗೆ ನನಗೊಂದು ಸಂಕೋಚವಿದೆ. ಹುತಾತ್ಮನೆಂದ ಕೂಡಲೇ ಅವನು ತಿಳಿದೂ ತಿಳಿದೂ ಪ್ರಾಣವನ್ನರ್ಪಿಸಿದನೆಂಬ ಭಾವ ಬರುತ್ತದೆ. ಅವರಲ್ಲಿ ಎಷ್ಟೋ ಮಂದಿಗೆ ಏನಾಗುತ್ತಿದೆಯೆಂಬುದೇ ತಿಳಿದಿರಲಿಲ್ಲ. ತಿಳಿದಿದ್ದವರು ಹೇಳಿದ್ದನ್ನು ಕೇಳುವವರಿರಲಿಲ್ಲ. ತ್ಯಾಗವೆಂದು ಕೊಂಡಾಡಿದ್ದರಲ್ಲಿ ಒಂದಂಶ ಲೋಕದ ಅಲಕ್ಷ್ಯವಾಗಿತ್ತು. ಅಲಕ್ಷ್ಯಕ್ಕೆ ತ್ಯಾಗವೆಂದು ಹೆಸರಿಟ್ಟಾಗ ಅದನ್ನು ನಿಲ್ಲಿಸಬೇಕಾದ ಹೊಣೆಯಿಂದ ಎಲ್ಲರೂ ಸಲೀಸಾಗಿ ಪಾರಾಗುತ್ತಾರೆ.

ಆದುದರಿಂದ ನನ್ನ ಮಟ್ಟಿಗೆ ಈ ಇತಿಹಾಸದ ನಿಜವಾದ ತಿರುವು ಇರುವುದು ಸ್ಮಾರಕಶಿಲೆಯಲ್ಲಲ್ಲ, ಲೆಕ್ಕದ ಪುಸ್ತಕದಲ್ಲಿ. 1915ರಲ್ಲಿ ಬ್ರಿಟನ್ನಿನ ರಾಂಟ್‌ಜೆನ್ ಸೊಸೈಟಿ ಕೆಲಸಗಾರರ ರಕ್ಷಣೆಗಾಗಿ ಒಂದು ನಿರ್ಣಯವನ್ನು ಸ್ವೀಕರಿಸಿತು. 1921ರಲ್ಲಿ ಅಲ್ಲಿಯೇ ರಕ್ಷಣೆಯ ನಿಯಮಗಳನ್ನು ರೂಪಿಸುವ ಸಮಿತಿ ಹುಟ್ಟಿತು. ಆದರೆ ನಿಯಮವೆಂದರೆ ಮಿತಿ, ಮಿತಿಯೆಂದರೆ ಅಳತೆ. ಕಾಣದ ವಸ್ತುವನ್ನು ಅಳೆಯುವುದು ಹೇಗೆ? ಆಗ ದೊರೆತ ಅಳತೆಗೋಲು ಮನುಷ್ಯನ ಚರ್ಮವೇ. ಎಷ್ಟು ಕಿರಣ ಬಿದ್ದರೆ ಚರ್ಮ ಕೆಂಪಾಗುವುದೋ ಅದನ್ನು ಒಂದು ಮಾನವಾಗಿ ಇಟ್ಟುಕೊಂಡಿದ್ದರು. ಅದರ ನೂರರಲ್ಲೊಂದು ಪಾಲು ಒಂದು ತಿಂಗಳಿಗೆ ಸಹ್ಯವೆಂದು ಆರ್ಥರ್ ಮುಷೆಲರ್ 1920ರ ದಶಕದ ಮಧ್ಯದಲ್ಲಿ ಸೂಚಿಸಿದನು. 1928ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ವೈದ್ಯ ಸಮ್ಮೇಳನವು ರಾಂಟ್‌ಜೆನ್ ಎಂಬ ಹೆಸರಿನ ಮಾನವನ್ನು ಅಂಗೀಕರಿಸಿತು. ಇಂದಿಗೂ ಮುಂದುವರಿದಿರುವ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗಕ್ಕೆ ಅಲ್ಲಿಯೇ ಅಡಿಗಲ್ಲು ಬಿದ್ದಿತು. 1934ರಲ್ಲಿ ಆ ಸಂಸ್ಥೆ ದಿನಕ್ಕೆ 0.2 ರಾಂಟ್‌ಜೆನ್ ಎಂಬ ಮಿತಿಯನ್ನು ಹೇಳಿತು. ಸ್ಥೂಲವಾಗಿ ಲೆಕ್ಕ ಹಾಕಿದರೆ, ಅಂದು ಹತ್ತು ದಿನಗಳ ದುಡಿಮೆಗೆ ಒಪ್ಪಿದ್ದಷ್ಟನ್ನು ಇಂದು ಒಂದು ಇಡೀ ವರ್ಷಕ್ಕೆ ಒಪ್ಪುತ್ತೇವೆ. ಲೆಕ್ಕ ಬರೆಯಲು ತೊಡಗಿದ ಮೇಲೆಯೇ ಕಂದಾಯ ಇಳಿಯಲು ತೊಡಗಿದ್ದು.

ಇನ್ನು ಬೆನ್ನಿನ ಕಡೆಗೆ ಬರೋಣ. ಭಾರತದಲ್ಲಿ ಈ ಕಿರಣಗಳನ್ನು ಬಹು ಮೊದಲೇ ಬಳಸಿದವರಲ್ಲಿ ಕಲ್ಕತ್ತೆಯ ಜಗದೀಶಚಂದ್ರ ಬೋಸರು ಒಬ್ಬರು. ಅವರು ರವೀಂದ್ರನಾಥ ಠಾಕೂರರಿಗೆ ಬರೆದ ಒಂದು ಪತ್ರದಲ್ಲಿ, ಬೆನ್ನು ಮುರಿದ ರೋಗಿಯೊಬ್ಬನನ್ನು ರಾಂಟ್‌ಜೆನ್ ಯಂತ್ರದಿಂದ ನೋಡಬೇಕಾಗಿದೆ, ವೈದ್ಯ ನೀಲರತನ ಸರ್ಕಾರರ ಮಾತನ್ನು ಮೀರಲಾರೆ ಎಂಬ ಸಂಗತಿ ಬರುತ್ತದೆ. ಕವಿಗೆ ವಿಜ್ಞಾನಿ ಬರೆದ ಪತ್ರದಲ್ಲಿ ಮುರಿದ ಬೆನ್ನು ಕಾಣಿಸಿಕೊಂಡಿರುವುದು ನನಗೆ ಅರ್ಥಪೂರ್ಣವಾಗಿ ತೋರುತ್ತದೆ. ಕೈಯ ಮೂಳೆ ತೆಳುವಾದ ಮಾಂಸದ ಹೊದಿಕೆಯ ಕೆಳಗಿದೆ. ಬೆನ್ನುಮೂಳೆಯಾದರೋ ದೇಹದ ನಟ್ಟನಡುವೆ, ಮುಂದೆ ಹೊಟ್ಟೆ ಎದೆಗಳನ್ನೂ ಹಿಂದೆ ದಪ್ಪ ಸ್ನಾಯುಗಳನ್ನೂ ಹೊದ್ದುಕೊಂಡು ಅಡಗಿದೆ. ಅದನ್ನು ಕಾಣಬೇಕಾದರೆ ಹೆಚ್ಚು ಬೆಳಕು ಬೇಕು. ಹೆಚ್ಚು ಬೆಳಕೆಂದರೆ ಹೆಚ್ಚು ಕಂದಾಯ.

ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಈ ಕಿರಣಗಳಿಂದ ನೋಡುವ ಪದ್ಧತಿ ಬಹಳ ಕಾಲ ಕಷ್ಟವಾಗಿತ್ತು. ತೆರೆಯ ಮೇಲಿನ ಮಿನುಗು ಎಷ್ಟು ಮಸುಕಾಗಿತ್ತೆಂದರೆ, ಅದನ್ನು ಕಾಣಲು ಕೋಣೆಯನ್ನು ಕತ್ತಲಾಗಿಸಬೇಕಿತ್ತು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲೆಂದು ವೈದ್ಯರು ಮೊದಲೇ ಕೆಂಪು ಗಾಜಿನ ಕನ್ನಡಕವನ್ನು ಹಾಕಿಕೊಂಡು ಕಾಯಬೇಕಿತ್ತು. 1948ರಲ್ಲಿ ಅಮೆರಿಕದ ಜಾನ್ ಕೋಲ್ಟ್‌ಮನ್ ಎಂಬಾತನು ಆ ಮಸುಕು ಚಿತ್ರವನ್ನು ನೂರಾರು ಪಟ್ಟು ಬೆಳಗಿಸುವ ಕೊಳವೆಯನ್ನು ವರ್ಣಿಸಿದನು. 1950ರ ದಶಕದ ಮಧ್ಯದಲ್ಲಿ, ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿದ ತೋಳಿನ ಒಂದು ತುದಿಗೆ ಕಿರಣದ ಕೊಳವೆಯನ್ನೂ ಇನ್ನೊಂದು ತುದಿಗೆ ಈ ಬೆಳಗುವ ಕೊಳವೆಯನ್ನೂ ಜೋಡಿಸಿದ ಗಾಲಿಯ ಯಂತ್ರ ಬಂದಿತು. ಇಂದು ನಮ್ಮ ಜಿಲ್ಲಾಕೇಂದ್ರಗಳ ಆಸ್ಪತ್ರೆಗಳಲ್ಲಿಯೂ ಕಾಣುವ ಸಿ-ಆರ್ಮ್ ಅದೇ. ಕತ್ತಲೆ ಹೋಯಿತು, ಕಾಲಿನಿಂದ ಒಂದು ಗುಂಡಿಯನ್ನು ಒತ್ತಿದರೆ ಸಾಕು, ಚಿತ್ರ ಕಣ್ಣೆದುರಿಗೆ. ಆದರೆ ಸುಲಭವಾಗಿ ಸಿಗುವುದನ್ನು ಮನುಷ್ಯ ಹೆಚ್ಚಾಗಿ ಬಳಸುತ್ತಾನೆ. ಪ್ರತಿ ಚಿತ್ರಕ್ಕೆ ಬೇಕಾದ ಕಿರಣ ಕಡಿಮೆಯಾದರೂ ಚಿತ್ರಗಳ ಸಂಖ್ಯೆ ಬೆಳೆಯಿತು.

ಅದು ಬೆಳೆಯಲು ವೈದ್ಯಕೀಯವಾದ ಕಾರಣವೂ ಇತ್ತು. ಬೆನ್ನಿನ ಪ್ರತಿಯೊಂದು ಮಣಿಯಲ್ಲಿಯೂ ಮುಂಭಾಗದ ಗಟ್ಟಿ ದಿಂಡನ್ನು ಹಿಂಭಾಗದ ಕಮಾನಿಗೆ ಸೇರಿಸುವ, ಹಣ್ಣಿನ ತೊಟ್ಟಿನಂಥ ಎರಡು ಮೂಳೆಯ ಸೇತುವೆಗಳಿವೆ. ಮುರಿದ ಅಥವಾ ಜಾರಿದ ಮಣಿಗಳನ್ನು ಆ ತೊಟ್ಟುಗಳ ಮೂಲಕ ತಿರುಪುಮೊಳೆಗಳನ್ನು ಹಾಯಿಸಿ ಬಿಗಿಯುವ ಕ್ರಮವನ್ನು ಪ್ಯಾರಿಸಿನ ರೇಮಂಡ್ ರಾಯ್-ಕಮೀಯ್ 1963ರಲ್ಲಿ ಆರಂಭಿಸಿದನು. ತೊಟ್ಟಿನ ಅಗಲ ಬೆನ್ನಿನ ನಡುಭಾಗದಲ್ಲಿ ಕೆಲವೇ ಮಿಲಿಮೀಟರು. ಅದರ ಒಳಮಗ್ಗುಲಿಗೆ ಬೆನ್ನುಹುರಿ, ಕೆಳಮಗ್ಗುಲಿಗೆ ನರದ ಬೇರು. ಮೊಳೆ ಕೂದಲೆಳೆಯಷ್ಟು ಹಾದಿ ತಪ್ಪಿದರೂ ಚಿಂತೆಯೇ. ಇಂಥಲ್ಲಿ ವೈದ್ಯನು ಮತ್ತೆ ಮತ್ತೆ ನೋಡಬಯಸಿದರೆ ಅದನ್ನು ಚಪಲವೆನ್ನಲಾಗದು. ನೋಡದೆ ಮುಂದುವರಿದರೆ ರೋಗಿಯ ಕಾಲುಗಳೇ ಹೋಗಬಹುದು.

ಹಾಗೆ ನೋಡುವುದರ ಬೆಲೆಯೆಷ್ಟು ಎಂಬುದನ್ನು ರಾಂಪರ್ಸಾಡ್ ಮತ್ತು ಸಂಗಡಿಗರು ಮೃತದೇಹಗಳ ಮೇಲೆ ಮೊಳೆಗಳನ್ನು ಕೂರಿಸಿ ಅಳೆದರು. 2000ದಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಬೆನ್ನಿನ ಈ ಕೆಲಸದಲ್ಲಿ ಶಸ್ತ್ರವೈದ್ಯನ ಮೇಲೆ ಬೀಳುವ ಕಿರಣದ ಪ್ರಮಾಣ ಮೂಳೆಗೆ ಸಂಬಂಧಿಸಿದ ಇತರ ಶಸ್ತ್ರಚಿಕಿತ್ಸೆಗಳಲ್ಲಿ ಬೀಳುವುದಕ್ಕಿಂತ 10ರಿಂದ 12 ಪಟ್ಟಿನವರೆಗೆ ಹೆಚ್ಚಾಗಿರಬಲ್ಲದು. ಇದರೊಂದಿಗೆ ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. ಬೆನ್ನನ್ನು ಉದ್ದಕ್ಕೆ ಸೀಳದೆ ಸಣ್ಣ ಸಣ್ಣ ರಂಧ್ರಗಳ ಮೂಲಕವೇ ಮೊಳೆಗಳನ್ನು ಕೂರಿಸುವ ಪದ್ಧತಿ ಈಚಿನ ದಶಕಗಳಲ್ಲಿ ಬೆಳೆದಿದೆ. ರೋಗಿಗೆ ಇದರಿಂದ ಗಾಯ ಚಿಕ್ಕದು, ರಕ್ತ ಹೋಗುವುದು ಕಡಿಮೆ, ಬೇಗ ಎದ್ದು ನಡೆಯುತ್ತಾನೆ. ಆದರೆ ಗಾಯ ಚಿಕ್ಕದಾದಷ್ಟೂ ಕಣ್ಣಿಗೆ ಕಾಣುವ ಮೂಳೆಯೂ ಕಡಿಮೆ. ಕಣ್ಣು ಮಾಡುತ್ತಿದ್ದ ಕೆಲಸವನ್ನು ಕಿರಣ ಮಾಡಬೇಕು. ರೋಗಿಯ ಬೆನ್ನಿನಿಂದ ಇಳಿದ ಹೊರೆಯ ಒಂದು ಭಾಗ ವೈದ್ಯನ ಕೈಗೂ, ಪಕ್ಕದಲ್ಲಿ ನಿಂತ ದಾದಿಗೂ, ಕಲಿಯಲು ಬಂದ ತರುಣನಿಗೂ ವರ್ಗವಾಯಿತು. ರೋಗಿ ಆ ಮೇಜಿನ ಮೇಲೆ ಮಲಗುವುದು ಒಮ್ಮೆಯೋ ಎರಡು ಬಾರಿಯೋ. ಇವರು ನಿಲ್ಲುವುದು ವರ್ಷಾನುಗಟ್ಟಲೆ. ಹನಿ ಹನಿ ಕೂಡಿದರೆ ಹಳ್ಳವೆಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಈ ಹನಿಯನ್ನು ತಡೆಯುವ ಉಪಾಯಗಳು ಆಶ್ಚರ್ಯವೆನಿಸುವಷ್ಟು ಸರಳವಾಗಿವೆ. ಕೋಣೆಯಲ್ಲಿ ನಿಂತವರಿಗೆ ತಾಕುವ ಕಿರಣದ ಬಹುಪಾಲು ನೇರವಾಗಿ ಕೊಳವೆಯಿಂದ ಬರುವುದಿಲ್ಲ. ರೋಗಿಯ ದೇಹಕ್ಕೆ ಬಡಿದು ಚದುರಿ ಬರುತ್ತದೆ. ಕಿರಣ ದೇಹವನ್ನು ಹೊಗುವ ಮಗ್ಗುಲಲ್ಲಿ ಈ ಚದುರುವಿಕೆ ಹೆಚ್ಚು, ಹೊರಬರುವ ಮಗ್ಗುಲಲ್ಲಿ ಕಡಿಮೆ. ಆದುದರಿಂದ ಪಕ್ಕದಿಂದ ಚಿತ್ರ ತೆಗೆಯುವಾಗ ಕೊಳವೆಯ ಎದುರು ಬದಿಗೆ ಹೋಗಿ ನಿಂತರೆ, ಖರ್ಚಿಲ್ಲದೆ, ಎಷ್ಟೋ ಪಾಲು ಕಿರಣ ತಪ್ಪುತ್ತದೆ. ಮೇಲಿನಿಂದ ಕೆಳಕ್ಕೆ ನೋಡುವಾಗ ಕೊಳವೆಯನ್ನು ಮೇಜಿನ ಕೆಳಗೆ ಇಟ್ಟರೆ ಚದುರಿದ ಕಿರಣ ಮುಖಕ್ಕೆ ಬರುವುದರ ಬದಲು ಕಾಲಿನತ್ತ ಹೋಗುತ್ತದೆ. ದೂರ ಎರಡರಷ್ಟಾದರೆ ಕಿರಣದ ಪ್ರಮಾಣ ನಾಲ್ಕರಲ್ಲೊಂದಕ್ಕೆ ಇಳಿಯುತ್ತದೆ. ಚಿತ್ರ ತೆಗೆಯುವ ಕ್ಷಣದಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಸರಿಯುವುದು ಅಷ್ಟು ದೊಡ್ಡ ರಕ್ಷೆ. ಕಿರಣವನ್ನು ಎಡೆಬಿಡದೆ ಹರಿಸುವುದರ ಬದಲು ಬಿಟ್ಟು ಬಿಟ್ಟು ಮಿಡಿಸುವುದು, ಕೊನೆಯ ಚಿತ್ರವನ್ನು ಪರದೆಯ ಮೇಲೆ ನಿಲ್ಲಿಸಿಕೊಂಡು ನಿಧಾನವಾಗಿ ನೋಡುವುದು, ಕಿಂಡಿಯನ್ನು ಕಿರಿದುಗೊಳಿಸಿ ಬೇಕಾದ ಮಣಿಯನ್ನಷ್ಟೇ ನೋಡುವುದು ಇವೆಲ್ಲ ಇದೇ ಜಾಡಿನ ಉಪಾಯಗಳು. ಕಡೆಯದು ರಾಲಿನ್ಸನ ಮೂರನೆಯ ಮಾತೇ ಆಗಿದೆಯಷ್ಟೆ!

ಕವಚವನ್ನು ಕೂಡ ವಿವೇಕದಿಂದಲೇ ಬಳಸಬೇಕು. ಸೀಸದ ಕೈಗವಸು ಹಾಕಿದ್ದೇನೆಂಬ ಧೈರ್ಯದಿಂದ ವೈದ್ಯನು ಕೈಯನ್ನು ನೇರ ಕಿರಣದಲ್ಲಿ ಇಟ್ಟನೆನ್ನೋಣ. ಚಿತ್ರ ಮಸುಕಾಯಿತೆಂದು ಯಂತ್ರ ತಾನಾಗಿಯೇ ಕಿರಣವನ್ನು ಹೆಚ್ಚಿಸುತ್ತದೆ. ಕಾಪಾಡಬೇಕಾದದ್ದೇ ಅಪಾಯವನ್ನು ಕರೆದಂತಾಯಿತು. ಕೈಯನ್ನು ಕಿರಣದಿಂದ ಹೊರಗಿಟ್ಟು ಉದ್ದನೆಯ ಹಿಡಿಯ ಉಪಕರಣವನ್ನು ಬಳಸುವುದೇ ಲೇಸು. ಡ್ಯಾಲಿಯ ಕೈ ಕಲಿಸಿದ ಪಾಠ ಕೊನೆಗೂ ಇಷ್ಟೇ.

1990ರ ದಶಕದಿಂದ ಇನ್ನೊಂದು ದಾರಿ ತೆರೆದಿದೆ. ರೋಗಿಯ ಬೆನ್ನಿನ ಮೂರು ಆಯಾಮಗಳ ಚಿತ್ರವನ್ನು ಒಮ್ಮೆ ತೆಗೆದುಕೊಂಡರೆ, ಆಮೇಲೆ ವೈದ್ಯನ ಉಪಕರಣ ಆ ಚಿತ್ರದಲ್ಲಿ ಎಲ್ಲಿದೆಯೆಂಬುದನ್ನು ಕಂಪ್ಯೂಟರು ಹೊಸ ಕಿರಣವಿಲ್ಲದೆಯೇ ತೋರಿಸುತ್ತಾ ಹೋಗುತ್ತದೆ. ಆ ಒಂದು ಚಿತ್ರವನ್ನು ತೆಗೆಯುವಾಗ ಸಿಬ್ಬಂದಿ ಕೋಣೆಯಿಂದ ಆಚೆ ಹೋಗಬಹುದು. ವೈದ್ಯರ ಪಾಲಿಗೆ ಇದು ದೊಡ್ಡ ಬಿಡುಗಡೆ. ಆದರೆ ಆಚೆ ಹೋಗಲಾರದವನು ಒಬ್ಬನಿದ್ದಾನೆ. ಮೇಜಿನ ಮೇಲೆ ಮಲಗಿರುವ ರೋಗಿಯ ಪಾಲಿಗೆ ಆ ಸಮಗ್ರ ಚಿತ್ರದ ಕಿರಣ ಎಷ್ಟೋ ವೇಳೆ ಹಳೆಯ ಕ್ರಮಕ್ಕಿಂತ ಹೆಚ್ಚಾಗಬಹುದು. ಹೊರೆ ಮತ್ತೆ ಹೆಗಲು ಬದಲಾಯಿಸಿತು.

ರೋಗಿಯ ಪಾಲು ಕ್ಷುಲ್ಲಕವೆನ್ನುವವರಿಗೆ ಒಂದು ದಾಖಲೆಯನ್ನು ತೋರಿಸಬೇಕು. ಬೆನ್ನು ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್ ಎಂಬ ತೊಂದರೆ ಬೆಳೆಯುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚು. ಬಾಗು ಎಷ್ಟು ಹೆಚ್ಚಿತೆಂದು ತಿಳಿಯಲು ವರ್ಷವರ್ಷವೂ ಚಿತ್ರ ತೆಗೆಯುತ್ತಿದ್ದರು. ಅಮೆರಿಕದಲ್ಲಿ 1912ರಿಂದ 1965ರವರೆಗೆ ಈ ತೊಂದರೆ ಪತ್ತೆಯಾದ 5,573 ಸ್ತ್ರೀಯರ ಜೀವನವನ್ನು ಸಂಶೋಧಕರು ಬೆಂಬತ್ತಿದರು. ಒಬ್ಬೊಬ್ಬರಿಗೆ ಸರಾಸರಿ ಸುಮಾರು 25 ಬಾರಿ ಚಿತ್ರ ತೆಗೆಯಲಾಗಿತ್ತು. 2000ದಲ್ಲಿ ಪ್ರಕಟವಾದಂತೆ, ಅವರಲ್ಲಿ ಸ್ತನದ ಕ್ಯಾನ್ಸರಿನಿಂದಾದ ಸಾವು ಸಾಮಾನ್ಯ ಜನರಲ್ಲಿ ನಿರೀಕ್ಷಿಸಿದ್ದಕ್ಕಿಂತ ಸುಮಾರು 70 ಪ್ರತಿಶತ ಹೆಚ್ಚಾಗಿತ್ತು. ಬೆನ್ನನ್ನು ನೋಡಲು ಬಿಟ್ಟ ಕಿರಣ ಎದೆಯ ಮೂಲಕ ಹಾದುಹೋಗಿತ್ತು. ಇದಕ್ಕೆ ದೊರೆತ ಮೊದಲ ಪರಿಹಾರ ಯಾವುದು ಬಲ್ಲಿರಾ? ಹುಡುಗಿಯನ್ನು ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸುವುದು! ಕಿರಣ ಬೆನ್ನಿನ ಕಡೆಯಿಂದ ಹೊಕ್ಕರೆ ಎದೆಯನ್ನು ಮುಟ್ಟುವ ವೇಳೆಗೆ ಅದು ಬಹಳಷ್ಟು ಕ್ಷೀಣಿಸಿರುತ್ತದೆ. 1979ರ ಹೊತ್ತಿಗೆ ವೈದ್ಯರು ಈ ಸಲಹೆಯನ್ನು ಮುಂದಿಟ್ಟರು. ಹೊಸ ಯಂತ್ರ ಬೇಕಿರಲಿಲ್ಲ, ಹಣ ಬೇಕಿರಲಿಲ್ಲ. ಆ ಹುಡುಗಿಯ ಪಾಲು ಎಷ್ಟೆಂದು ಯಾರಾದರೂ ಕೇಳಬೇಕಿತ್ತು. ಆಮೇಲೆ 1992ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಫ್ರಾನ್ಸಿನ ಜಾರ್ಜ್ ಶಾರ್ಪಾಕ್ ರೂಪಿಸಿದ ಸೂಕ್ಷ್ಮಗ್ರಾಹಿ ವಿಧಾನದಿಂದ, ಅತ್ಯಲ್ಪ ಕಿರಣದಲ್ಲಿ ಇಡೀ ಬೆನ್ನನ್ನು ಚಿತ್ರಿಸುವ ಯಂತ್ರವೂ ಬಂದಿತು.

ಅಂತರರಾಷ್ಟ್ರೀಯ ಆಯೋಗವು 1977ರಲ್ಲಿ ಈ ಎಲ್ಲ ಅನುಭವವನ್ನು ಮೂರು ಸೂತ್ರಗಳಲ್ಲಿ ಹಿಡಿದಿಟ್ಟಿತು. ಪ್ರಯೋಜನವಿಲ್ಲದೆ ಕಿರಣವನ್ನು ಬಳಸಕೂಡದು. ಬಳಸಿದರೂ ಸಾಧ್ಯವಾದಷ್ಟು ಕಡಿಮೆ ಬಳಸಬೇಕು. ಕೆಲಸಗಾರನಿಗೆ ಒಂದು ಮೇರೆಯನ್ನು ಮೀರಕೂಡದು. 2011ರಲ್ಲಿ ಅದು ಕಣ್ಣಿನ ಮಸೂರದ ಮಿತಿಯನ್ನು ವರ್ಷಕ್ಕೆ 150 ಮಿಲಿಸೀವರ್ಟಿನಿಂದ ಐದು ವರ್ಷಗಳ ಸರಾಸರಿ 20ಕ್ಕೆ ಇಳಿಸಿತು. ಹಿಂದೆ ಭಾವಿಸಿದ್ದಕ್ಕಿಂತ ಕಡಿಮೆ ಕಿರಣದಿಂದಲೇ ಕಣ್ಣಿಗೆ ಪೊರೆ ಬರಬಹುದೆಂದು ತಿಳಿದುಬಂದಿತ್ತು. ನಮ್ಮ ದೇಶದಲ್ಲಿ 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಲಿ ಈ ಮೇರೆಗಳನ್ನು ಗೊತ್ತುಮಾಡುತ್ತದೆ: ಕೆಲಸಗಾರನ ದೇಹಕ್ಕೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲಿಯೂ 30ನ್ನು ಮೀರುವಂತಿಲ್ಲ. ಹೋಲಿಕೆಗಾಗಿ ಹೇಳುವುದಾದರೆ, ಮಣ್ಣು, ಗಾಳಿ, ಆಕಾಶಗಳಿಂದ ಲೋಕದ ಪ್ರತಿಯೊಬ್ಬನಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟಿನಷ್ಟು ವಿಕಿರಣ ತಾನಾಗಿಯೇ ಬರುತ್ತದೆ. ಚಿತ್ರ ತೆಗೆಸಿಕೊಳ್ಳಲು ಹೆದರಬೇಕಾದ ಕಾರಣವಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಅಗತ್ಯವಾದ ಚಿತ್ರವನ್ನು ಬಿಟ್ಟರೆ ಆಗುವ ಹಾನಿ, ತೆಗೆಸಿದರೆ ಆಗಬಹುದಾದ ಹಾನಿಗಿಂತ ಬಹು ದೊಡ್ಡದು.

ಕವಚದ ಜೊತೆಗೆ ಕೆಲಸಗಾರರು ಎದೆಯ ಮೇಲೆ ಒಂದು ಸಣ್ಣ ಬಿಲ್ಲೆಯನ್ನು ಧರಿಸಬೇಕು. ಬಿದ್ದ ಕಿರಣವನ್ನು ಅದು ಮೌನವಾಗಿ ಬರೆದಿಟ್ಟುಕೊಳ್ಳುತ್ತದೆ. ಕಾಲಕಾಲಕ್ಕೆ ಅದನ್ನು ಕಳಿಸಿ ಓದಿಸುತ್ತಾರೆ. ಈ ಇತಿಹಾಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚಾಗಿ ಗೌರವಿಸುವ ವಸ್ತು ಆ ಬಿಲ್ಲೆ. ಬೇಸರವೆಂದೋ ಮರೆವೆಂದೋ ಅದನ್ನು ಗೂಟಕ್ಕೆ ನೇತುಹಾಕಿ ಒಳಗೆ ಹೋದರೆ, ಆ ದಿನ ಬಿದ್ದ ಕಿರಣ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಮೈ ಮಾತ್ರ ಅದನ್ನು ಬರೆದುಕೊಳ್ಳುತ್ತದೆ. ದೊಡ್ಡ ವೈದ್ಯರಿಗೆ ತಮ್ಮ ಹಕ್ಕನ್ನು ಕೇಳಿ ಪಡೆಯುವ ಶಕ್ತಿಯಿದೆ. ಯಂತ್ರದ ತೋಳನ್ನು ಹಿಡಿದು ನಿಲ್ಲುವ ಸಹಾಯಕನಿಗೆ, ಹೊಸದಾಗಿ ಸೇರಿದ ದಾದಿಗೆ ಆ ಬಾಯಿಯಿಲ್ಲ. ಡ್ಯಾಲಿಗೂ ಇರಲಿಲ್ಲ. ಚಿತ್ರ ತೆಗೆಯುವ ಮುನ್ನ ಒಂದು ಕ್ಷಣ ತಡೆದು, ಎಲ್ಲರೂ ಹಿಂದೆ ಸರಿದರೇ, ಎಲ್ಲರ ಎದೆಯ ಮೇಲೂ ಬಿಲ್ಲೆಯಿದೆಯೇ ಎಂದು ಕೇಳುವ ಶಸ್ತ್ರವೈದ್ಯನು ಹ್ಯಾಂಬರ್ಗಿನ ಆ ಶಿಲೆಗೆ ಹೂವಿಡಬೇಕಾದ ಅಗತ್ಯವಿಲ್ಲ. ಅದರ ಮೇಲೆ ಇನ್ನೊಂದು ಹೆಸರು ಬೀಳದಂತೆ ಅವನು ನೋಡಿಕೊಂಡಿದ್ದಾನೆ.